ಅಂಗಡಿಯ ಒಂದೇ ಕಂಪ್ಯೂಟರಿನಲ್ಲಿ ವಿಂಡೋಸೂ ಲಿನಕ್ಸೂ

ಅರಸೀಕೆರೆಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ದಿನಕ್ಕೆ ಹತ್ತಿಪ್ಪತ್ತು ಪೆನ್‌ಡ್ರೈವ್ ಬರುತ್ತವೆ. "ಅಕ್ಕ, ಇದರಲ್ಲೊಂದು ಪ್ರಿಂಟ್ ತೆಗೆದುಕೊಡಿ" ಅಂತ ಮೇಜಿನ ಮೇಲಿಡುತ್ತಾರೆ. ಆ ಪೆನ್‌ಡ್ರೈವ್ ಅದಕ್ಕೆ ಮುಂಚೆ ಎಷ್ಟು ಕಂಪ್ಯೂಟರ್ ಸುತ್ತಿ ಬಂದಿದೆಯೋ ದೇವರಿಗೇ ಗೊತ್ತು. ತೆರೆದರೆ ಫೈಲ್ ಇರಬೇಕಾದ ಜಾಗದಲ್ಲಿ ಬರೀ ಶಾರ್ಟ್‌ಕಟ್‌ಗಳು. ಮರೆತು ಒಂದರ ಮೇಲೆ ಕ್ಲಿಕ್ ಮಾಡಿದಿರೋ, ಆ ವೈರಸ್ ನಮ್ಮ ಕಂಪ್ಯೂಟರಿಗೂ ಹತ್ತಿತು. ಅಲ್ಲಿಂದ ಮುಂದಿನ ಗಿರಾಕಿಯ ಪೆನ್‌ಡ್ರೈವ್‌ಗೂ ಹತ್ತಿತು.

ವಿಂಡೋಸಿನ ಹಾಗೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ಸಿಸ್ಟಮ್ ಲಿನಕ್ಸ್. ಅದರಲ್ಲಿ ಈ ಕಾಟವಿಲ್ಲ. ಹಾಗಂತ ವಿಂಡೋಸ್ ಬಿಡುವ ಹಾಗೂ ಇಲ್ಲ. ಲಗ್ನಪತ್ರಿಕೆಗಳೆಲ್ಲ ಪುಟ ಜೋಡಿಸುವ ಪೇಜ್‌ಮೇಕರ್‌ನಲ್ಲಿ, ಕನ್ನಡ ಟೈಪಿಂಗ್‌ನ ನುಡಿ ಸಾಫ್ಟ್‌ವೇರಿನ ಫಾಂಟಿನಲ್ಲಿವೆ. ಬೆರಳಚ್ಚು ತೆಗೆದುಕೊಳ್ಳುವ ಸಾಧನಕ್ಕೆ ನನಗೆ ಸಿಕ್ಕಿರುವ ಸಾಫ್ಟ್‌ವೇರ್ ವಿಂಡೋಸಿನದು ಮಾತ್ರ. ಅದರ ಮೇಲೆ ಇನ್ನೊಂದು ತಲೆನೋವು. ನನ್ನ ಸಿಪಿಯು ಇಂಟೆಲ್ 6ನೇ ಪೀಳಿಗೆಯ ಐ5. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ 8ನೇ ಪೀಳಿಗೆಯಾದರೂ ಇರಬೇಕು, ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಇರಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಚೆನ್ನಾಗಿ ಓಡುತ್ತಿರುವ ಸಿಪಿಯು ಬಿಸಾಡಿ ಹೊಸದು ತರಲು ನಮ್ಮಂಥ ಅಂಗಡಿಯವರಿಗೆ ಆಗುತ್ತದಾ? ಅದಕ್ಕೇ ಎರಡನ್ನೂ ಇಟ್ಟುಕೊಂಡಿದ್ದೇನೆ. ಪತ್ರಿಕೆ ಕೆಲಸಕ್ಕೆ ವಿಂಡೋಸ್. ಇಂಟರ್ನೆಟ್ ಮತ್ತು ಗಿರಾಕಿಗಳ ಪೆನ್‌ಡ್ರೈವ್‌ಗೆ ಲಿನಕ್ಸ್‌ನಲ್ಲೇ ಒಂದು ಬಗೆಯಾದ ಲಿನಕ್ಸ್ ಮಿಂಟ್.

ಹೇಗೆ ಮಾಡಿದೆ ಅನ್ನುವುದಕ್ಕಿಂತ ಮೊದಲ ಸಲ ಹೇಗೆ ಕೆಡಿಸಿಕೊಂಡೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ನಾಲ್ಕು ವರ್ಷದ ಹಿಂದೆ, ಇದಕ್ಕೂ ಹಳೆಯ ಸಿಪಿಯು ಇತ್ತು. ರಾತ್ರಿ ಶೆಟರ್ ಎಳೆದ ಮೇಲೆ ಕೂತೆ. ಇನ್‌ಸ್ಟಾಲರ್ ಕೇಳಿದ್ದಕ್ಕೆಲ್ಲ ಕಂಟಿನ್ಯೂ, ಕಂಟಿನ್ಯೂ ಅಂತ ಒತ್ತಿಕೊಂಡು ಹೋದೆ. ಅದಕ್ಕೆ ನನ್ನ ವಿಂಡೋಸ್ ಕಂಡಿರಲಿಲ್ಲ ಅಂತ ಕಾಣುತ್ತದೆ. 'ವಿಂಡೋಸ್ ಪಕ್ಕದಲ್ಲಿ ಹಾಕು' ಎಂಬ ಆಯ್ಕೆಯೇ ಪಟ್ಟಿಯಲ್ಲಿ ಇರಲಿಲ್ಲವಂತೆ. 'ಇರೇಸ್ ಡಿಸ್ಕ್' ಮುಂದೆ ಚುಕ್ಕಿ ಇತ್ತಂತೆ. ಅಂತೆ ಅಂತ ಯಾಕೆ ಹೇಳುತ್ತಿದ್ದೇನೆ ಅಂದರೆ ನಾನು ಓದಿಯೇ ಇರಲಿಲ್ಲ, ಆಮೇಲೆ ಮೈದುನ ಕೂತು ಬಿಡಿಸಿ ಹೇಳಿದ್ದು. ಅರ್ಧ ಗಂಟೆಯಲ್ಲಿ ಲಿನಕ್ಸ್ ಚೆನ್ನಾಗಿಯೇ ಬಂತು. ವಿಂಡೋಸ್ ಇರಲಿಲ್ಲ. ಡಿ ಡ್ರೈವ್ ಇರಲಿಲ್ಲ. 300 ಚಿಲ್ಲರೆ ಪತ್ರಿಕೆಗಳ ಫೈಲ್ ಇರಲಿಲ್ಲ. ಜಾತ್ರೆ ಕಮಿಟಿಯವರ ರಸೀದಿ ಪುಸ್ತಕ ಮಾರನೆಯ ದಿನ ಪ್ರೆಸ್ಸಿಗೆ ಹೋಗಬೇಕಿತ್ತು. ಹಿಂದಿನ ವರ್ಷದ ರಸೀದಿ ಮುಂದಿಟ್ಟುಕೊಂಡು ಬೆಳಗಿನ ಜಾವದವರೆಗೆ ಮತ್ತೆ ಟೈಪ್ ಮಾಡಿದೆ.

ಹಾಗಾಗಿ ನನ್ನ ಪದ್ಧತಿ ಹೀಗಿದೆ: ಲಿನಕ್ಸ್ ಹಾಕುವುದು ಅರ್ಧ ಗಂಟೆಯ ಕೆಲಸ, ಅದಕ್ಕೆ ಮುಂಚೆ ವಿಂಡೋಸಿನಲ್ಲಿ ಕೂತು ಮಾಡುವ ತಯಾರಿಗೆ ಒಂದು ಭಾನುವಾರ ಪೂರ್ತಿ ಎತ್ತಿಡುವುದು.

ಮೊದಲು ಬ್ಯಾಕಪ್. ಬೇರೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ, ಅದೇ ಕಂಪ್ಯೂಟರಿನ ಇನ್ನೊಂದು ಡ್ರೈವಿಗಲ್ಲ. ಫೈಲ್‌ಗಳ ಜೊತೆ ನುಡಿಯ ಸೆಟಪ್, ಬಳಸುವ ಫಾಂಟುಗಳು, ಪ್ರಿಂಟರಿನ ಡ್ರೈವರ್ ಇವನ್ನೂ ಹಾಕಿಕೊಳ್ಳಿ. ಹಾಕಿದ ಮೇಲೆ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿ ನಾಲ್ಕು ಫೈಲ್ ತೆರೆದು ನೋಡಿ. ಕಾಪಿ ಆಗಿದೆ ಅಂದುಕೊಳ್ಳುವುದು ಬೇರೆ, ತೆರೆದು ನೋಡುವುದು ಬೇರೆ.

ಆಮೇಲೆ ಕಂಪ್ಯೂಟರ್ ಯಾವ ಬಗೆಯಲ್ಲಿ ಶುರುವಾಗುತ್ತದೆ ಅಂತ ತಿಳಿದುಕೊಳ್ಳಬೇಕು. ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಮ್ ಇನ್ಫರ್ಮೇಶನ್' ಅಂತ ಹುಡುಕಿ ತೆರೆಯಿರಿ. 'ಬಯೋಸ್ ಮೋಡ್' ಎಂಬ ಸಾಲಿನ ಎದುರು ಯುಇಎಫ್‌ಐ (ಹೊಸ ಬಗೆ) ಅಂತಲೋ ಲೆಗಸಿ (ಹಳೆಯ ಬಗೆ) ಅಂತಲೋ ಇರುತ್ತದೆ. ವಿಂಡೋಸ್ ಯಾವುದರಲ್ಲಿದೆಯೋ ಲಿನಕ್ಸನ್ನೂ ಅದರಲ್ಲೇ ಹಾಕಬೇಕು. ಒಂದು ಯುಇಎಫ್‌ಐ, ಇನ್ನೊಂದು ಲೆಗಸಿ ಆದರೆ ಎರಡೂ ಡಿಸ್ಕಿನಲ್ಲಿ ಇರುತ್ತವೆ, ಆದರೆ ಒಂದೇ ಮೆನುವಿನಿಂದ ಎರಡಕ್ಕೂ ಹೋಗಲು ಆಗುವುದಿಲ್ಲ. ಲೆಗಸಿ ಇದ್ದವರಿಗೆ ಇನ್ನೊಂದು ಮಿತಿ ಇದೆ. ಅಲ್ಲಿ ಸಾಮಾನ್ಯವಾಗಿ ಎಂಬಿಆರ್ ಎಂಬ ಹಳೆಯ ಬಗೆಯ ಪಾರ್ಟಿಶನ್ (ಡಿಸ್ಕಿನ ಭಾಗಗಳ) ಪಟ್ಟಿ ಇರುತ್ತದೆ. ಅದರಲ್ಲಿ ಪ್ರೈಮರಿ ಪಾರ್ಟಿಶನ್ 4ಕ್ಕಿಂತ ಜಾಸ್ತಿ ಮಾಡಲು ಬರುವುದಿಲ್ಲ. ನನ್ನದು ಯುಇಎಫ್‌ಐ. ಮುಂದೆ ಹೇಳುವುದೆಲ್ಲ ಅದಕ್ಕೇ.

ಡಿಸ್ಕಿಗೆ ಬೀಗ ಹಾಕುವ (ಎನ್‌ಕ್ರಿಪ್ಶನ್) ವಿಂಡೋಸಿನ ಬಿಟ್‌ಲಾಕರ್ ಬಗ್ಗೆ ಒಂದು ಮಾತು. ಹಳೆಯ ಸಿಪಿಯುಗಳಲ್ಲಿ ಇದು ಆನ್ ಆಗಿರುವುದು ಕಡಿಮೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆದರೆ ನಮಗೆ ಗೊತ್ತಿಲ್ಲದ ಹಾಗೆ ಆನ್ ಆಗಿರಬಹುದು. ಡಿಗ್ರಿ ಓದುವ ಹುಡುಗಿಯೊಬ್ಬಳು ಲಿನಕ್ಸ್ ಹಾಕಲೆಂದು ಬಯೋಸ್‌ಗೆ (ವಿಂಡೋಸ್ ಏಳುವ ಮುಂಚೆ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಹೋಗಿ, ಸಹಿ ಇರುವ ಸಿಸ್ಟಮ್ ಮಾತ್ರ ಏಳಲು ಬಿಡುವ ಸೆಕ್ಯೂರ್ ಬೂಟ್ ಆಫ್ ಮಾಡಿದ್ದಳು. ಮರುದಿನ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದಾಗ ಕಣ್ಣಲ್ಲಿ ನೀರು. ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳುತ್ತಿತ್ತು. ಅದೃಷ್ಟಕ್ಕೆ ಕೀ ಅವಳ ಅಕೌಂಟಿನಲ್ಲಿ ಸಿಕ್ಕಿತು. ನೀವು ಸೆಟ್ಟಿಂಗ್ಸ್‌ನಲ್ಲಿ 'ಡಿವೈಸ್ ಎನ್‌ಕ್ರಿಪ್ಶನ್' ಅಂತ ಹುಡುಕಿ ನೋಡಿ. ಆನ್ ಇದ್ದರೆ ಆ ಕೀಯನ್ನು ಮೊದಲು ಪುಸ್ತಕದಲ್ಲಿ ಬರೆದುಕೊಳ್ಳಿ. ಎನ್‌ಕ್ರಿಪ್ಶನ್ ಆಫ್ ಮಾಡಿದರೆ ಡಿಸ್ಕ್ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು ಮುಂದಿನ ಕೆಲಸಕ್ಕೆ ಹೋಗಿ. ಅಂದಹಾಗೆ ಉಬುಂಟು (ಇನ್ನೊಂದು ಬಗೆಯ ಲಿನಕ್ಸ್, ಮಿಂಟ್ ಮಾಡಿರುವುದು ಅದರ ಮೇಲೆಯೇ), ಮಿಂಟ್ ಎರಡೂ ಸೆಕ್ಯೂರ್ ಬೂಟ್ ಆನ್ ಇದ್ದರೂ ಕೂರುತ್ತವೆ. ಆ ಹುಡುಗಿ ಆಫ್ ಮಾಡುವ ಅಗತ್ಯವೇ ಇರಲಿಲ್ಲ.

ಈಗ ಫಾಸ್ಟ್ ಸ್ಟಾರ್ಟಪ್. ಜನ ಬಿಟ್ಟುಬಿಡುವ ಹೆಜ್ಜೆ ಅಂದರೆ ಇದೇ. ವಿಂಡೋಸಿಗೆ ಶಟ್‌ಡೌನ್ ಅಂತ ಹೇಳಿದರೂ ಅದು ಪೂರ್ತಿ ಮಲಗುವುದಿಲ್ಲ. ಬೆಳಿಗ್ಗೆ ಬೇಗ ಏಳಲಿ ಅಂತ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಹೋಗಿರುತ್ತದೆ. ಶೆಟರ್ ಅರ್ಧ ಎಳೆದು, ಲೆಕ್ಕದ ಪುಸ್ತಕ ಮೇಜಿನ ಮೇಲೆ ತೆರೆದಿಟ್ಟು ಊಟಕ್ಕೆ ಹೋದ ಹಾಗೆ. ಆ ಹೊತ್ತಿನಲ್ಲಿ ಇನ್ನೊಬ್ಬರು ಬಂದು ಪುಸ್ತಕದಲ್ಲಿ ಬರೆದರೆ ಲೆಕ್ಕ ಕೆಡುತ್ತದೆ. ಅದಕ್ಕೇ ಲಿನಕ್ಸ್ ಅಂಥ ಡ್ರೈವನ್ನು ಓದಲು ಮಾತ್ರ ತೆರೆಯುತ್ತದೆ, ಬರೆಯಲು ಒಪ್ಪುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಶನ್ಸ್‌ಗೆ ಹೋಗಿ. ಎಡಗಡೆ ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಲಿಂಕ್ ಇದೆ. ಒಳಗೆ 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್' ಒತ್ತಿದರೆ ಕೆಳಗಿನ ಚೌಕಗಳು ಬದಲಾಯಿಸಲು ಸಿಗುತ್ತವೆ. 'ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್' ಗುರುತು ತೆಗೆದು ಸೇವ್ ಮಾಡಿ. ವಿಂಡೋಸ್ ಏಳಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ಅಷ್ಟೇ.

ಜಾಗ ಬಿಡಿಸುವುದು ಮುಂದಿನ ಕೆಲಸ. ನನ್ನದು 480 ಜಿಬಿ ಎಸ್‌ಎಸ್‌ಡಿ. ವಿಂಡೋಸಿನಲ್ಲಿ ಅದು 447 ಅಂತ ಕಾಣುತ್ತದೆ. ಅಂಗಡಿಯವನು ಮೋಸ ಮಾಡಿದ ಅಂತ ಜಗಳಕ್ಕೆ ಹೋಗಬೇಡಿ. ಕಂಪನಿಯವರು ಜಿಬಿಯನ್ನು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಸಿ ಡ್ರೈವ್ 150, ಉಳಿದದ್ದು ಹೆಚ್ಚು ಕಡಿಮೆ ಎಲ್ಲ ಡಿ. ಡಿ ಡ್ರೈವಿನಲ್ಲಿ 80 ಜಿಬಿ ಬಿಡಿಸಿದೆ. ಮಿಂಟ್‌ಗೆ ಕನಿಷ್ಠ 20 ಜಿಬಿ ಸಾಕು ಅಂತಾರೆ, ಆದರೆ ಅಷ್ಟರಲ್ಲಿ ಉಸಿರು ಕಟ್ಟುತ್ತದೆ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿ ಮೇಲೆ ರೈಟ್ ಕ್ಲಿಕ್, ಶ್ರಿಂಕ್ ವಾಲ್ಯೂಮ್. ಎಷ್ಟು ಅಂತ ಎಂಬಿಯಲ್ಲಿ ಕೇಳುತ್ತದೆ. 80 ಜಿಬಿ ಅಂದರೆ 81920. ಮುಗಿದ ಮೇಲೆ 'ಅನ್‌ಅಲೊಕೇಟೆಡ್' ಅಂತ ಕಪ್ಪು ಪಟ್ಟಿಯ ಖಾಲಿ ಜಾಗ ಕಾಣುತ್ತದೆ. ಅದನ್ನು ಹಾಗೇ ಬಿಡಿ. ಖಾಲಿ ಇದೆಯಲ್ಲ ಅಂತ ಅಲ್ಲಿ ಹೊಸ ಡ್ರೈವ್ ಮಾಡಬೇಡಿ. ಸಿ ಒಂದೇ ಇರುವವರು ಅದನ್ನೇ ಕುಗ್ಗಿಸಬೇಕು. ಅಲ್ಲಿ 100 ಜಿಬಿ ಖಾಲಿ ಇದ್ದರೂ ವಿಂಡೋಸ್ 10 ಜಿಬಿ ಕೂಡ ಬಿಟ್ಟುಕೊಡದೆ ಇರಬಹುದು. ಪೇಜ್ ಫೈಲ್, ಹೈಬರ್ನೇಶನ್ ಫೈಲ್, ರಿಸ್ಟೋರ್ ಪಾಯಿಂಟ್ ಇವು ನಡುವೆ ಎಲ್ಲೋ ಕೂತಿರುತ್ತವೆ, ಜರುಗುವುದಿಲ್ಲ. ಅವನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಕುಗ್ಗಿಸಿ, ಆಮೇಲೆ ಮತ್ತೆ ಆನ್ ಮಾಡಿಕೊಳ್ಳಿ.

ಇದನ್ನು ಮಾಡುವಾಗ ಕರೆಂಟ್ ಹೋಗಬಾರದು. ನಮ್ಮಲ್ಲಿ ಬೇಸಿಗೆಯಲ್ಲಿ ಲೈನ್ ಯಾವಾಗ ಹೋಗುತ್ತದೋ ಗೊತ್ತಾಗುವುದಿಲ್ಲ. ನನ್ನ ಯುಪಿಎಸ್ ಬ್ಯಾಟರಿ ಹಳತಾಗಿ ಐದು ನಿಮಿಷಕ್ಕೇ ಕೂಗುತ್ತಿತ್ತು. ಬ್ಯಾಟರಿ ಬದಲಿಸಿ, ಒಂದು ವಾರ ನೋಡಿ, ಆಮೇಲೆ ಕೈ ಹಾಕಿದೆ.

ಪೆನ್‌ಡ್ರೈವ್ ಮಾಡುವುದು ಸುಲಭ. 8 ಜಿಬಿಯದು ಸಾಕು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಲಿನಕ್ಸ್ ಮಿಂಟ್‌ನ ಸ್ವಂತ ತಾಣದಿಂದಲೇ ಐಎಸ್‌ಒ ಫೈಲ್ (ಇಡೀ ಸಿಸ್ಟಮ್ ಅಡಗಿರುವ ಒಂದೇ ಫೈಲ್) ಇಳಿಸಿಕೊಳ್ಳಿ, ಹತ್ತಿರ ಹತ್ತಿರ 3 ಜಿಬಿ ಇದೆ. ನಾನು ಹಾಕಿದ್ದು 22ರ ಸರಣಿ. ಅದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ರ‍್ಯಾಮ್ 8 ಜಿಬಿ ಇದ್ದರೆ ಸಿನಮನ್, 4 ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ. ನಾನು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಎರಡು ಗಂಟೆ ಇಳಿಸಿದ ಮೊದಲ ಫೈಲ್ ಅರೆಬರೆ ಆಗಿತ್ತು. ತಾಣದಲ್ಲಿ ಎಸ್‌ಎಚ್‌ಎ-256 ಅಂತ ಉದ್ದದ ಸಂಖ್ಯೆ ಕೊಟ್ಟಿರುತ್ತಾರೆ. 7-ಜಿಪ್ ಇದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿಯೇ ಆ ಸಂಖ್ಯೆ ತೆಗೆಯಬಹುದು. ಎರಡೂ ಒಂದೇ ಇದ್ದರೆ ಫೈಲ್ ಸರಿ ಇದೆ. ಆಮೇಲೆ ಪೆನ್‌ಡ್ರೈವಿಗೆ ಐಎಸ್‌ಒ ಬರೆಯುವ ರೂಫಸ್ ಎಂಬ ಸಾಫ್ಟ್‌ವೇರ್ ತೆರೆದು ಪೆನ್‌ಡ್ರೈವ್, ಐಎಸ್‌ಒ ಆರಿಸಿ. ಪಾರ್ಟಿಶನ್ ಸ್ಕೀಮ್ ಜಿಪಿಟಿ, ಟಾರ್ಗೆಟ್ ಯುಇಎಫ್‌ಐ ಇರಲಿ. ಐಎಸ್‌ಒ ಮೋಡಾ ಡಿಡಿ ಮೋಡಾ ಅಂತ ಕೇಳಿದರೆ ಐಎಸ್‌ಒ.

ಇನ್ನು ಪೆನ್‌ಡ್ರೈವಿನಿಂದ ಶುರು ಮಾಡಬೇಕು. ಆನ್ ಮಾಡಿದ ತಕ್ಷಣ ಬೂಟ್ ಮೆನುವಿನ ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್ ಇರುತ್ತದೆ. ಏಸರ್‌ನಲ್ಲೂ ಎಫ್12, ಆದರೆ ಅದನ್ನು ಮೊದಲು ಬಯೋಸ್ ಒಳಗೆ ಹೋಗಿ ಆನ್ ಮಾಡಬೇಕಾಗಬಹುದು. ಪಟ್ಟಿಯಲ್ಲಿ ಪೆನ್‌ಡ್ರೈವ್ ಎರಡು ಸಲ ಕಂಡರೆ ಯುಇಎಫ್‌ಐ ಅಂತ ಬರೆದಿರುವುದನ್ನೇ ಆರಿಸಿ.

ಮಿಂಟ್ ಈಗ ಪೆನ್‌ಡ್ರೈವಿನಿಂದಲೇ ಓಡುತ್ತದೆ, ಡಿಸ್ಕನ್ನು ಮುಟ್ಟಿರುವುದಿಲ್ಲ. ಇಲ್ಲಿ ಅವಸರ ಬೇಡ. ವೈಫೈ ಬರುತ್ತದಾ, ಸ್ಪೀಕರ್ ಮಾತಾಡುತ್ತದಾ, ಮುಖ್ಯವಾಗಿ ಪ್ರಿಂಟರ್, ಸ್ಕ್ಯಾನರ್ ಓಡುತ್ತವಾ ನೋಡಿ. ನನ್ನ ಇಂಕ್ ಪ್ರಿಂಟರ್ ಏನೂ ಹಾಕದೆ ಓಡಿತು. ಹಳೆಯ ಲೇಸರ್ ಜಪ್ಪಯ್ಯ ಅನ್ನಲಿಲ್ಲ. ಅದು ವಿಂಡೋಸಿಗೇ ಇರಲಿ ಅಂತ ಆವತ್ತೇ ತೀರ್ಮಾನ ಮಾಡಿದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲಿ ಡಿಸ್ಕೇ ಕಾಣುವುದಿಲ್ಲ. ಬಯೋಸ್‌ನಲ್ಲಿ ಡಿಸ್ಕ್ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಬಗೆಯಲ್ಲಿದ್ದರೆ ಹೀಗಾಗುತ್ತದೆ, ಎಎಚ್‌ಸಿಐಗೆ ಬದಲಿಸಬೇಕು. ಸುಮ್ನೆ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು. ವಿಂಡೋಸನ್ನು ಮುಂದಿನ ಸಲ ಸೇಫ್ ಮೋಡ್‌ನಲ್ಲಿ ಏಳುವಂತೆ ಮಾಡಿಟ್ಟು, ಆಮೇಲೆ ಬದಲಿಸಿ, ಒಮ್ಮೆ ಸೇಫ್ ಮೋಡ್‌ನಲ್ಲಿ ಏಳಿಸಿ, ಮತ್ತೆ ಮಾಮೂಲಿಗೆ ತರಬೇಕು.

ಎಲ್ಲ ಸರಿ ಇದ್ದರೆ ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಐಕಾನ್ ಒತ್ತಿ. ಭಾಷೆ, ಕೀಬೋರ್ಡ್ ಆದ ಮೇಲೆ ಬರುವ 'ಇನ್‌ಸ್ಟಾಲೇಶನ್ ಟೈಪ್' ಪುಟದಲ್ಲಿ ಕೈ ಮೌಸಿನಿಂದ ತೆಗೆದು ಕಣ್ಣಿಂದ ಓದಿ. ವಿಂಡೋಸ್ ಪಕ್ಕದಲ್ಲಿ ಹಾಕು, ಡಿಸ್ಕ್ ಅಳಿಸಿ ಹಾಕು, ಸಮ್‌ಥಿಂಗ್ ಎಲ್ಸ್ ಅಂತ ಮೂರು ಇರುತ್ತವೆ. ಮೊದಲನೆಯದು ತಾನೇ ಎಲ್ಲ ಮಾಡಿಕೊಳ್ಳುತ್ತದೆ, ಬಹಳ ಜನಕ್ಕೆ ಅದು ಸಾಕು. ಒಮ್ಮೆ ಸುಟ್ಟುಕೊಂಡವಳು ನಾನು, ಮೂರನೆಯದನ್ನೇ ಆರಿಸುತ್ತೇನೆ. ಅಲ್ಲಿ ಪಾರ್ಟಿಶನ್‌ಗಳೆಲ್ಲ ಗಾತ್ರದ ಸಮೇತ ಕಾಣುತ್ತವೆ, ಯಾವುದನ್ನು ಮುಟ್ಟುತ್ತಿದ್ದೇನೆ ಅನ್ನುವುದು ಗೊತ್ತಿರುತ್ತದೆ.

'ಫ್ರೀ ಸ್ಪೇಸ್' ಸಾಲನ್ನು ಆರಿಸಿ ಕೆಳಗಿನ ಪ್ಲಸ್ ಒತ್ತಿ. ಗಾತ್ರ ಪೂರ್ತಿ ಇರಲಿ, ಬಗೆ ಇಎಕ್ಸ್‌ಟಿ4, ಮೌಂಟ್ ಪಾಯಿಂಟ್ ಒಂದೇ ಒಂದು ಓರೆಗೆರೆ (/). ಸ್ವ್ಯಾಪ್‌ಗೆ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಬೇರೆ ಪಾರ್ಟಿಶನ್ ಬೇಡ, ಅದೇ ಒಂದು ಫೈಲ್ ಮಾಡಿಕೊಳ್ಳುತ್ತದೆ. ವಿಂಡೋಸ್ ಮಾಡಿಟ್ಟ 100 ಎಂಬಿ ಆಸುಪಾಸಿನ ಸಣ್ಣ ಇಎಫ್‌ಐ ಪಾರ್ಟಿಶನ್ ಒಂದು ಕಾಣುತ್ತದೆ. ಎರಡೂ ಸಿಸ್ಟಮ್‌ಗಳ ಬೀಗದ ಕೈ ಇರುವುದು ಅಲ್ಲೇ. ಅದರ ಎದುರು ಫಾರ್ಮ್ಯಾಟ್ ಗುರುತು ಇರಲೇಬಾರದು. 'ಇನ್‌ಸ್ಟಾಲ್ ನೌ' ಒತ್ತಿದಾಗ ಏನೇನು ಬದಲಾಗುತ್ತದೆ ಅಂತ ಒಂದು ಪಟ್ಟಿ ತೋರಿಸುತ್ತದೆ. ಫಾರ್ಮ್ಯಾಟ್ ಆಗುವುದು ಹೊಸ ಇಎಕ್ಸ್‌ಟಿ4 ಒಂದೇ ಇರಬೇಕು. ಬೇರೆ ಏನಾದರೂ ಕಂಡರೆ ಹಿಂದೆ ಹೋಗಿ, ನಾಚಿಕೆ ಏನಿಲ್ಲ. ಆಮೇಲೆ ಸಮಯಕ್ಕೆ ಕೋಲ್ಕತ್ತ ಆರಿಸಿ, ಹೆಸರು, ಪಾಸ್‌ವರ್ಡ್ ಕೊಟ್ಟು ಕಾಫಿಗೆ ಹೋಗಿ.

ರೀಸ್ಟಾರ್ಟ್ ಆದಾಗ ಗ್ರಬ್ ಎಂಬ ಮೆನು ಬರುತ್ತದೆ. ಮೇಲೆ ಮಿಂಟ್, ಕೆಳಗೆ ವಿಂಡೋಸ್ ಬೂಟ್ ಮ್ಯಾನೇಜರ್. ಹತ್ತು ಸೆಕೆಂಡ್ ಸುಮ್ಮನಿದ್ದರೆ ಮಿಂಟ್‌ಗೆ ಹೋಗುತ್ತದೆ. ಎರಡಕ್ಕೂ ಒಂದೊಂದು ಸಲ ಹೋಗಿ ನೋಡಿ.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಅಂಗಡಿ ಹುಡುಗಿ ವಿಂಡೋಸ್ ಏಳಿಸಿದಳು. ಗಡಿಯಾರದಲ್ಲಿ ಐದು ಗಂಟೆ. "ಅಕ್ಕ, ಸಿಪಿಯು ಸೆಲ್ ಹೋಗಿದೆ" ಅಂದಳು. ಸೆಲ್ ಅಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ಇರುವುದು ನಮ್ಮೂರಿನ ಸಮಯ ಅಂತ ವಿಂಡೋಸ್ ತಿಳಿಯುತ್ತದೆ. ಲಿನಕ್ಸ್ ಅಲ್ಲಿ ಯುಟಿಸಿ ಎಂಬ ಜಾಗತಿಕ ಸಮಯ ಇಡುತ್ತದೆ. ನಮ್ಮ ಸಮಯ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಹಾಗಾಗಿ ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ಬಂದರೆ ಸೆಲ್ ಬದಲಿಸಲು ಹೋಗಬೇಡಿ. ಮಿಂಟ್‌ನ ಟರ್ಮಿನಲ್ ತೆರೆದು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ: ಟೈಮ್, ಡೇಟ್, ಸಿ-ಟಿ-ಎಲ್ ಮೂರೂ ಸೇರಿಸಿ ಒಂದೇ ಪದ. ಜಾಗ ಬಿಟ್ಟು ಸೆಟ್, ಲೋಕಲ್, ಆರ್-ಟಿ-ಸಿ, ಇವುಗಳ ನಡುವೆ ಸಣ್ಣ ಅಡ್ಡಗೆರೆ. ಮತ್ತೆ ಜಾಗ ಬಿಟ್ಟು 1. ಎಂಟರ್ ಒತ್ತಿ, ಕೇಳಿದರೆ ಪಾಸ್‌ವರ್ಡ್ ಕೊಡಿ. ಒಂದು ಸಲ ಮಾಡಿದರೆ ಸಾಕು.

ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ಟೈಪಿಂಗ್ ಸಾಫ್ಟ್‌ವೇರ್ ಮತ್ತು ಅದಕ್ಕೆ ಕೀಬೋರ್ಡ್ ವಿನ್ಯಾಸಗಳನ್ನು ಕೊಡುವ ಎಂ17ಎನ್ ಹಾಕಿಕೊಳ್ಳಿ. ಕನ್ನಡದ ಕೆಳಗೆ ಕೆಜಿಪಿ ಅಂತ ಸಿಗುತ್ತದೆ, ನುಡಿಯಲ್ಲಿ ಪಳಗಿದ ಕೈಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಗುಬ್ಬಿ, ನವಿಲು ಎಂಬ ಯೂನಿಕೋಡ್ ಫಾಂಟುಗಳು ಬಿಟ್ಟಿಯಾಗಿ ಸಿಗುತ್ತವೆ. ಆದರೆ ನುಡಿಯ ಹಳೆಯ ಫಾಂಟಿನಲ್ಲಿ ಮಾಡಿದ ಫೈಲುಗಳು ಇಲ್ಲಿ ಬರೀ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲ್ ಕೆಟ್ಟಿಲ್ಲ. ಅವು ಯೂನಿಕೋಡ್ ಅಲ್ಲ, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗುತ್ತವೆ. ವಿಂಡೋಸ್‌ಗೆ ಹೋಗಿ ನುಡಿಯಲ್ಲೇ ಇರುವ ಪರಿವರ್ತಕದಿಂದ ಯೂನಿಕೋಡ್ ಮಾಡಿಕೊಂಡು ಬರಬಹುದು. ನಾನು ಪತ್ರಿಕೆಗಳನ್ನು ಮುಟ್ಟಿಲ್ಲ, ಅರ್ಜಿ ನಮೂನೆಗಳನ್ನಷ್ಟೇ ಬದಲಾಯಿಸಿಕೊಂಡೆ.

ಎರಡೂ ಕಡೆ ಬೇಕಾದ ಫೈಲುಗಳನ್ನು ಡಿ ಡ್ರೈವಿನಲ್ಲೇ ಇಡಿ. ಲಿನಕ್ಸ್ ಡಿ ಡ್ರೈವನ್ನು ಓದುತ್ತದೆ, ಬರೆಯುತ್ತದೆ. ವಿಂಡೋಸಿಗೆ ಮಾತ್ರ ಲಿನಕ್ಸ್‌ನ ಪಾರ್ಟಿಶನ್ ಒಳಗೆ ಏನಿದೆ ಅಂತ ಕಾಣುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದು ಹೆಸರಿಲ್ಲದ 80 ಜಿಬಿಯಾಗಿ ನಿಂತಿರುತ್ತದೆ. ಯಾರೋ ಬಂದವರು ದಂಡ ಜಾಗ ಅಂತ ಡಿಲೀಟ್ ಮಾಡದ ಹಾಗೆ ನೋಡಿಕೊಳ್ಳಿ.

ಇನ್ನು ಪೆನ್‌ಡ್ರೈವ್. ಆ ಶಾರ್ಟ್‌ಕಟ್ ವೈರಸ್ ನಿಜವಾದ ಫೈಲುಗಳಿಗೆ ಹಿಡನ್ ಅಂತ ಗುರುತು ಹಾಕಿ ಬಚ್ಚಿಡುತ್ತದೆ. ಲಿನಕ್ಸ್ ಆ ಗುರುತಿಗೆ ಬೆಲೆ ಕೊಡುವುದಿಲ್ಲ, ಎಲ್ಲವನ್ನೂ ತೋರಿಸುತ್ತದೆ. ಹೆಸರಿಲ್ಲದ ಒಂದು ಫೋಲ್ಡರ್ ಕಂಡರೆ ಒಳಗೆ ಹೋಗಿ ನೋಡಿ. "ಎಲ್ಲ ಹೋಯ್ತು ಅಕ್ಕ" ಅಂತ ಬಂದವರ ಪ್ರಾಜೆಕ್ಟ್ ವರದಿ, ಮಗುವಿನ ನಾಮಕರಣದ ಫೋಟೊ ಎಷ್ಟೋ ಸಲ ಅಲ್ಲೇ ಸಿಕ್ಕಿವೆ. ಬೇಕಾದ ಫೈಲ್ ಮಾತ್ರ ತೆಗೆದುಕೊಳ್ಳಿ. ಪೆನ್‌ಡ್ರೈವನ್ನು ಪೂರ್ತಿ ಡಿಗೆ ಕಾಪಿ ಮಾಡಿದರೆ ಲಿನಕ್ಸ್‌ನಲ್ಲಿ ಸುಮ್ಮನೆ ಬಿದ್ದಿದ್ದ ವೈರಸ್ ಮುಂದೆ ವಿಂಡೋಸಿನಲ್ಲಿ ಕ್ಲಿಕ್ ಮಾಡಿದಾಗ ಎದ್ದು ಕೂರುತ್ತದೆ.

ಯಾವತ್ತೋ ಒಂದು ದಿನ ದೊಡ್ಡ ಅಪ್‌ಡೇಟ್ ಆದ ಮೇಲೆ ಮೆನುವೇ ಬರದೆ ನೇರ ವಿಂಡೋಸ್‌ಗೆ ಹೋಗಬಹುದು. ಲಿನಕ್ಸ್ ಅಳಿಸಿಹೋಗಿರುವುದಿಲ್ಲ, ಸರದಿ ಬದಲಾಗಿರುತ್ತದೆ ಅಷ್ಟೇ. ಬಯೋಸ್‌ಗೆ ಹೋಗಿ ಬೂಟ್ ಆರ್ಡರ್‌ನಲ್ಲಿ 'ಉಬುಂಟು' ಅಂತ ಇರುವುದನ್ನು ಮೇಲಕ್ಕೆ ತನ್ನಿ. ಹಾಕಿದ್ದು ಮಿಂಟ್ ಆದರೂ ಅಲ್ಲಿ ಹೆಸರು ಉಬುಂಟು ಅಂತಲೇ ಇರುತ್ತದೆ, ಗಾಬರಿ ಬೇಡ. ಲಿನಕ್ಸ್ ಸಾಕು ಅನ್ನಿಸಿದರೆ ಮೊದಲು ಅದೇ ಜಾಗದಲ್ಲಿ ವಿಂಡೋಸನ್ನು ಮೇಲಕ್ಕೆ ತಂದು, ಅದು ಏಳುತ್ತದಾ ನೋಡಿ, ಆಮೇಲೆ ಆ 80 ಜಿಬಿ ಅಳಿಸಿ. ತಿರುಗುಮುರುಗು ಮಾಡಿದರೆ ಬೆಳಿಗ್ಗೆ ಕಪ್ಪು ಪರದೆಯ ಮುಂದೆ ಕೂರಬೇಕಾಗುತ್ತದೆ, ಹೊರಗೆ ಜೆರಾಕ್ಸ್‌ಗೆ ಜನ ನಿಂತಿರುತ್ತಾರೆ.

ನಮ್ಮ ಹುಡುಗಿ ಮಾನಿಟರ್ ಕೆಳಗೆ ಒಂದು ಚೀಟಿ ಅಂಟಿಸಿದ್ದಾಳೆ: ಮೇಲಿನದು ಪೆನ್‌ಡ್ರೈವ್‌ಗೆ, ಕೆಳಗಿನದು ಪತ್ರಿಕೆಗೆ.